ಹುಟ್ಟಿದ ವಾರದ ಬಿಸಿಜಿಯಿಂದ 18 ತಿಂಗಳ ಬೂಸ್ಟರ್‌ವರೆಗೆ: ನಮ್ಮ ಲಸಿಕೆ ಓಡಾಟ

ಹೋದ ವಾರ ಮಗಳಿಗೆ 18 ತಿಂಗಳ ಬೂಸ್ಟರ್ ಹಾಕಿಸಿಕೊಂಡು ಬಂದೆವು. ಸೂಜಿಗಳ ದೊಡ್ಡ ಸಾಲು ಸದ್ಯಕ್ಕೆ ಮುಗಿಯಿತು. ಈ ಒಂದೂವರೆ ವರ್ಷದಲ್ಲಿ ಎಷ್ಟು ಸಲ ಮಧ್ಯರಾತ್ರಿ ಎದ್ದು ಕೂತು, ಲಸಿಕೆ ತಡವಾದರೆ ಏನಾಗುತ್ತದೆ, ತೊಡೆ ಊದಿದರೆ ಏನು ಮಾಡಬೇಕು ಅಂತ ಮೊಬೈಲ್‌ನಲ್ಲಿ ಹುಡುಕಿದ್ದೇನೋ ಲೆಕ್ಕವಿಲ್ಲ. ಸಿಕ್ಕಿದ್ದು ಒಂದೋ ಹೆದರಿಸುವ ಮಾತು, ಇಲ್ಲವೇ ತಲೆಗೆ ಹತ್ತದ ಪಟ್ಟಿ. ಅದಕ್ಕೇ ನಮಗೆ ಏನೇನಾಯಿತು ಅಂತ ಮೊದಲಿನಿಂದ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಒಂದು ಮಗುವಿನ ಅಮ್ಮ. ವೇಳಾಪಟ್ಟಿ ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆ ಇರುತ್ತದೆ. ನಿಮ್ಮ ಕಾರ್ಡಿನಲ್ಲಿ ಬರೆದಿರುವುದೇ ನಿಮಗೆ ಲೆಕ್ಕ.

ಪೋಲಿಯೋ, ದಡಾರದಂಥ ವೈರಸ್ ರೋಗಗಳ ಲಸಿಕೆಗಳೂ ನಡುನಡುವೆ ಬಂದವು. ಆದರೆ ನಮ್ಮನ್ನು ಜಾಸ್ತಿ ಓಡಾಡಿಸಿದ್ದು, ನಿದ್ದೆಗೆಡಿಸಿದ್ದು ಬ್ಯಾಕ್ಟೀರಿಯಾದಿಂದ ಬರುವ ರೋಗಗಳ ಲಸಿಕೆಗಳು. ಕ್ಷಯ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಜೊತೆಗೆ ನ್ಯುಮೋನಿಯಾದಂಥ ರೋಗ ತರುವ ಹಿಬ್, ನ್ಯುಮೋಕಾಕಸ್ ಅನ್ನುವ ಎರಡು ಬ್ಯಾಕ್ಟೀರಿಯಾ. ಇಲ್ಲಿ ಅವುಗಳ ಕತೆ ಮಾತ್ರ.

ಶುರುವಿನಲ್ಲೇ ಎಡವಿದೆವು. ಕ್ಷಯದ ಬಿಸಿಜಿ ಲಸಿಕೆ ಹುಟ್ಟಿದ ಕೂಡಲೇ ಹಾಕುತ್ತಾರೆ ಅಂತ ಕೇಳಿದ್ದೆ. ನಾವು ಆಸ್ಪತ್ರೆಯಿಂದ ಹೊರಡುವ ದಿನ ಕೇಳಿದರೆ, ಇವತ್ತು ಬಿಸಿಜಿ ದಿನ ಅಲ್ಲ, ವಾರಕ್ಕೊಂದೇ ದಿನ ಹಾಕೋದು, ಆವತ್ತು ಬನ್ನಿ ಅಂದರು. ಹೊಲಿಗೆ ನೋವಿನಲ್ಲಿ, ಆರು ದಿನದ ಕೂಸನ್ನು ಎತ್ತಿಕೊಂಡು ಮತ್ತೆ ಹೋದೆವು. ಎರಡು ಗಂಟೆ ಕಾದೆವು. ಆಗ ತುಂಬ ಸಿಟ್ಟು ಬಂದಿತ್ತು. ಕಾರಣ ಆಮೇಲೆ ಗೊತ್ತಾಯಿತು. ಬಿಸಿಜಿ ಪುಡಿಯ ರೂಪದಲ್ಲಿ ಬರುತ್ತದೆ. ಒಂದು ಶೀಶೆಯಲ್ಲಿ ಹತ್ತೋ ಇಪ್ಪತ್ತೋ ಮಕ್ಕಳಿಗಾಗುವಷ್ಟು ಇರುತ್ತದೆ. ನೀರು ಬೆರೆಸಿದ ಮೇಲೆ ಆರು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಲೇಬೇಕು. ಅದಕ್ಕೇ ಮಕ್ಕಳನ್ನು ಒಂದೇ ದಿನ ಸೇರಿಸುತ್ತಾರೆ. ಕಾರಣವೇನೋ ಸರಿ, ಆದರೆ ಹೆರಿಗೆಗೆ ಸೇರಿದ ದಿನವೇ ಯಾರಾದರೂ ಇದನ್ನು ಹೇಳಿದ್ದರೆ ಒಂದು ಓಡಾಟ ಉಳಿಯುತ್ತಿತ್ತು. ನೀವು ಹೆರಿಗೆಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಎಡ ತೋಳಿನ ಮೇಲ್ಭಾಗದಲ್ಲಿ, ಚರ್ಮದ ಪದರದೊಳಗೆ ಸೂಜಿ ಹಾಕಿದರು. ಸಣ್ಣ ಗುಳ್ಳೆ ಎದ್ದು ಅರ್ಧ ಗಂಟೆಯಲ್ಲಿ ಮಾಯವಾಯಿತು. ಇಷ್ಟೇನಾ ಅಂದುಕೊಂಡೆ. ನಾಲ್ಕನೇ ವಾರ ಆ ಜಾಗ ಕೆಂಪಾಗಿ ಗಟ್ಟಿಯಾಯಿತು. ಆರನೇ ವಾರಕ್ಕೆ ಕೀವು ತುಂಬಿ ಒಡೆಯಿತು. ನನ್ನ ಕೈಕಾಲು ತಣ್ಣಗಾದವು. ಸೂಜಿ ಸ್ವಚ್ಛ ಇರಲಿಲ್ಲವೇನೋ, ಮಗುವಿಗೆ ನಂಜಾಯಿತೇನೋ ಅಂತ ಓಡಿದೆ. ಡಾಕ್ಟರ್ ನೋಡಿ, ಇದು ಹೀಗೇ ಆಗಬೇಕಮ್ಮ ಅಂದರು. ಬಿಸಿಜಿಯಲ್ಲಿ ಇರುವುದು ಬಲ ಕಳೆದ ಜೀವಂತ ಬ್ಯಾಕ್ಟೀರಿಯಾ. ಕಾಲ್ಮೆಟ್ ಮತ್ತು ಗೆರಾನ್ ಅಂತ ಇಬ್ಬರು ಫ್ರೆಂಚರು 13 ವರ್ಷ ಕೂತು, ದನದ ಕ್ಷಯದ ಬ್ಯಾಕ್ಟೀರಿಯಾವನ್ನು 230 ಸಲ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬೆಳೆಸುತ್ತಾ ಹೋಗಿ ಅದರ ಶಕ್ತಿ ಇಳಿಸಿದರು. 1921ರಲ್ಲಿ ಮೊದಲ ಸಲ ಒಂದು ಕೂಸಿಗೆ ಕೊಟ್ಟರು. ಅದೇ ಬ್ಯಾಕ್ಟೀರಿಯಾದ ಪೀಳಿಗೆ ಇವತ್ತಿಗೂ ನಮ್ಮ ಮಕ್ಕಳ ತೋಳಿಗೆ ಬರುತ್ತಿದೆ. ಆ ಕೀವು ನಂಜಲ್ಲ, ಮೈ ಅದರ ಜೊತೆ ಹೋರಾಡಿ ಪಾಠ ಕಲಿಯುತ್ತಿರುವ ಗುರುತು.

ಈ ಗಾಯಕ್ಕೆ ಏನೂ ಹಚ್ಚಬೇಡಿ. ಮುಲಾಮು, ಪುಡಿ, ಎಣ್ಣೆ ಯಾವುದೂ ಬೇಡ, ಹಿಚುಕುವುದಂತೂ ಬೇಡವೇ ಬೇಡ. ಸ್ವಚ್ಛವಾಗಿ, ಒಣಗಿಸಿ ಇಟ್ಟರೆ ಸಾಕು. ನಮ್ಮ ಮಗಳದ್ದು ಒಣಗಿ ಕಲೆಯಾಗಲು ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು. ಕಂಕುಳಲ್ಲಿ ದೊಡ್ಡ ಗಂಟು ಕಂಡರೆ ಮಾತ್ರ ಡಾಕ್ಟರಿಗೆ ತೋರಿಸಿ. ಇನ್ನು ಕೆಲವು ಮಕ್ಕಳಿಗೆ ಕಲೆಯೇ ಬೀಳುವುದಿಲ್ಲ. ಹಾಗಂತ ಲಸಿಕೆ ಹಿಡಿಯಲಿಲ್ಲ ಅಂತ ಅಲ್ಲ, ಮತ್ತೆ ಹಾಕಿಸಬೇಕಾಗಿಯೂ ಇಲ್ಲ.

ಆರನೇ ವಾರದ್ದು ನಿಜವಾದ ಪರೀಕ್ಷೆ. ಒಂದೇ ದಿನ ಎರಡು ಸೂಜಿ. ಒಂದು ಪೆಂಟಾವೇಲೆಂಟ್, ಅಂದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹಿಬ್ ಜೊತೆಗೆ ಹೆಪಟೈಟಿಸ್ ಬಿ ಸೇರಿ ಐದು ರೋಗಕ್ಕೆ ಒಂದೇ ಸೂಜಿ. ಇನ್ನೊಂದು ಪಿಸಿವಿ, ನ್ಯುಮೋಕಾಕಸ್‌ನದ್ದು. ಕಾರ್ಡಿನಲ್ಲಿ ಹಿಬ್‌ನ ಪೂರ್ತಿ ಹೆಸರು ಹಿಮೋಫಿಲಸ್ ಇನ್‌ಫ್ಲುಯೆಂಜೆ ಟೈಪ್ ಬಿ ಅಂತ ಇತ್ತು. ನಾನು ಇದು ಫ್ಲೂ ಲಸಿಕೆ ಅಂದುಕೊಂಡು, ನೆಗಡಿ ಜ್ವರಕ್ಕೆ ಇಷ್ಟು ಸಣ್ಣ ಕೂಸಿಗೆ ಸೂಜಿ ಯಾಕೆ ಅಂತ ಕೇಳಿಯೇಬಿಟ್ಟೆ. ಹೆಸರು ಹಾಗಿದೆ ಅಷ್ಟೇ. 1892ರಲ್ಲಿ ಫೈಫರ್ ಅನ್ನುವ ವಿಜ್ಞಾನಿ ಫ್ಲೂ ರೋಗಿಗಳ ಗಂಟಲಲ್ಲಿ ಇದನ್ನು ಕಂಡು, ಇದೇ ಫ್ಲೂಗೆ ಕಾರಣ ಅಂದುಕೊಂಡರು. ಫ್ಲೂ ವೈರಸ್‌ನಿಂದ ಬರುತ್ತದೆ ಅಂತ ಗೊತ್ತಾಗಿದ್ದು 1933ರಲ್ಲಿ, ಅಷ್ಟರಲ್ಲಿ ಹೆಸರು ಅಂಟಿಕೊಂಡಿತ್ತು. ಹಿಬ್ ಮಾಡುವುದು ಫ್ಲೂ ಅಲ್ಲ. ಮಿದುಳಿನ ಪೊರೆಗೆ ಸೋಂಕು ತರುತ್ತದೆ, ನ್ಯುಮೋನಿಯಾ ತರುತ್ತದೆ. ಬದುಕಿದ ಮಕ್ಕಳಲ್ಲೂ ಕೆಲವರಿಗೆ ಕಿವಿ ಕೇಳದೇ ಹೋಗುತ್ತದೆ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳನ್ನೇ ಹಿಡಿಯುತ್ತದೆ. ಇದು ತಿಳಿದ ಮೇಲೆ ನನ್ನ ಬಾಯಿಂದ ಮಾತು ಬರಲಿಲ್ಲ.

ಹಿಬ್ ಮತ್ತು ನ್ಯುಮೋಕಾಕಸ್ ಎರಡಕ್ಕೂ ಮೈಮೇಲೆ ಸಕ್ಕರೆ ಕಣಗಳ ಕವಚ ಇರುತ್ತದಂತೆ. ಎರಡು ವರ್ಷದೊಳಗಿನ ಮಗುವಿನ ಮೈಗೆ ಆ ಸಕ್ಕರೆಯನ್ನು ಶತ್ರು ಅಂತ ಗುರುತಿಸಲು ಸರಿಯಾಗಿ ಬರುವುದಿಲ್ಲ. ಅದಕ್ಕೆ ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿ ಕೊಡುತ್ತಾರೆ. ಪ್ರೋಟೀನನ್ನು ಮಗುವಿನ ಮೈ ಹಿಡಿಯುತ್ತದೆ, ಅದರ ಜೊತೆಗೆ ಸಕ್ಕರೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಕಾರ್ಡಿನಲ್ಲಿ ಕಾಂಜುಗೇಟ್ ಅಂತ ಬರೆದಿರುತ್ತದಲ್ಲ, ಅದು ಇದೇ. ಆ ಮಾತಿನ ಅರ್ಥ ಗೊತ್ತಾದ ಮೇಲೆ ಕಾರ್ಡ್ ನೋಡಿದರೆ ಮೊದಲಿನಷ್ಟು ಭಯ ಆಗಲಿಲ್ಲ.

ಸೂಜಿ ಹಾಕುವುದು ತೊಡೆಯ ಹೊರಭಾಗಕ್ಕೆ, ಕುಂಡೆಗೆ ಅಲ್ಲ. ಎದೆಹಾಲು ಕುಡಿಸುತ್ತಲೇ ಹಾಕಿಸಬಹುದು ಅಂತ ನನಗೆ ಮೊದಲ ಸಲ ಗೊತ್ತಿರಲಿಲ್ಲ. ಎರಡನೇ ಸಲದಿಂದ ಹಾಗೇ ಮಾಡಿದೆ, ಅಳು ಅರ್ಧಕ್ಕರ್ಧ ಕಡಿಮೆಯಾಯಿತು. ಜಾಸ್ತಿ ಉರಿಯುವ ಸೂಜಿಯನ್ನು ಕೊನೆಗೆ ಹಾಕಿ ಅಂತ ಕೇಳಿ. ನಮಗೆ ಪಿಸಿವಿ ಕೊನೆಗೆ ಹಾಕಿದರು. ಸುಲಭವಾಗಿ ತೊಡೆ ತೆರೆಯುವ ಬಟ್ಟೆ ಹಾಕಿಕೊಂಡು ಹೋಗಿ. ಹಾಕಿದ ಜಾಗ ಉಜ್ಜಬೇಡಿ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಎಷ್ಟೇ ಕೆಲಸ ಇದ್ದರೂ ಎದ್ದು ಬರಬೇಡಿ. ಬಲು ಅಪರೂಪಕ್ಕೆ ತೀವ್ರ ಅಲರ್ಜಿ ಆಗುವುದುಂಟು, ಆದರೆ ಸಾಮಾನ್ಯವಾಗಿ ಅಷ್ಟರೊಳಗೇ ಕಾಣಿಸಿಕೊಳ್ಳುತ್ತದೆ. ಆಗ ಮದ್ದು ಕೊಡುವವರು ಪಕ್ಕದಲ್ಲೇ ಇರಬೇಕು.

ಆ ರಾತ್ರಿ ಮರೆಯುವ ಹಾಗಿಲ್ಲ. ಸಂಜೆ ಆರಕ್ಕೆ ಮೈ ಬಿಸಿಯಾಯಿತು, ಎಂಟಕ್ಕೆ ಸುಡುತ್ತಿತ್ತು. ಅವಳು ಅದುವರೆಗೆ ಅಂಥ ದನಿಯಲ್ಲಿ ಅತ್ತಿರಲಿಲ್ಲ. ಕಾಲು ಅಲುಗಿಸಿದರೆ ಕಿರುಚುತ್ತಿದ್ದಳು. ನಾನೂ ಗಂಡನೂ ಸರದಿ ಹಾಕಿಕೊಂಡು ಬೆಳಗಿನ ಜಾವದವರೆಗೆ ಹೆಗಲ ಮೇಲೆ ಹಾಕಿ ಓಡಾಡಿದೆವು. ಸುಮ್ನೆ ಇದ್ದ ಮಗುವಿಗೆ ನಾವೇ ಕೈಯಾರೆ ನೋವು ಮಾಡಿಸಿಕೊಂಡು ಬಂದೆವಲ್ಲ ಅಂತ ಅತ್ತುಬಿಟ್ಟೆ. ಎರಡನೇ ದಿನ ಮಧ್ಯಾಹ್ನಕ್ಕೆ ಜ್ವರ ಬಿಟ್ಟಿತು. ಏನೂ ಆಗೇ ಇಲ್ಲ ಅನ್ನುವ ಹಾಗೆ ನಕ್ಕಳು.

ಜ್ವರದ ಮದ್ದಿನ ಬಗ್ಗೆ ನಮ್ಮ ಡಾಕ್ಟರ್ ಹೇಳಿದ್ದು ಇದು. ಜ್ವರ ಬಂದರೆ ಅಥವಾ ನೋವು ಜಾಸ್ತಿ ಇದ್ದರೆ ಪ್ಯಾರಾಸಿಟಮಾಲ್ ಕೊಡಿ, ಬರುವ ಮೊದಲೇ ಸುಮ್ಮನೆ ಕೊಡಬೇಡಿ. ಮುಂಚೆಯೇ ಕೊಟ್ಟರೆ ಕೆಲವು ಲಸಿಕೆಗಳಿಗೆ ಮೈ ತೋರಿಸುವ ಪ್ರತಿಕ್ರಿಯೆ ಸ್ವಲ್ಪ ಕುಗ್ಗುತ್ತದೆ. ಮಿದುಳಿನ ಪೊರೆಗೆ ಸೋಂಕು ತರುವ ಇನ್ನೊಂದು ಬ್ಯಾಕ್ಟೀರಿಯಾ ಮೆನಿಂಗೊಕಾಕಸ್ ಬಿ, ಅದರ ಲಸಿಕೆ ಕೊಡುವ ಕಡೆ ಮಾತ್ರ ಮೊದಲೇ ಕೊಡಿ ಅನ್ನುವುದುಂಟು, ಹಾಗಾಗಿ ನಿಮ್ಮ ಡಾಕ್ಟರನ್ನೇ ಕೇಳಿ. ಎಷ್ಟು ಕೊಡಬೇಕು ಅನ್ನುವುದು ವಯಸ್ಸಿನ ಮೇಲಲ್ಲ, ಮಗುವಿನ ತೂಕದ ಮೇಲೆ. ತೂಕ ನೋಡಿಸಿ, ಎಷ್ಟು ಎಂ.ಎಲ್. ಅಂತ ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಲೆಕ್ಕ ಹಾಕಲು ಆಗುವುದಿಲ್ಲ. ಮೂರು ಗಂಟೆಗಿಂತ ಜಾಸ್ತಿ ಹೊತ್ತು ಬಿಡದೆ ಅತ್ತರೆ, ಮಗು ಸೋತು ಮೆತ್ತಗಾಗಿ ಬಿದ್ದರೆ, ಫಿಟ್ಸ್ ಬಂದರೆ ಕಾಯದೆ ಹೋಗಿ. ಮುಂದಿನ ಡೋಸ್‌ಗೆ ಹೋದಾಗ ಇದನ್ನು ಮರೆಯದೆ ಹೇಳಿ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಹತ್ತನೇ ವಾರದ ಡೋಸ್ ದಿನ ಮಗಳಿಗೆ ಮೂಗು ಸೋರುತ್ತಿತ್ತು. ಮೊದಲ ರಾತ್ರಿಯ ನೆನಪು ಇನ್ನೂ ಹಸಿಯಾಗಿತ್ತು. ನೆಗಡಿ ಇರುವಾಗ ಸೂಜಿ ಬೇಡ ಅಂತ ಸುತ್ತಲಿನವರೂ ಅಂದರು. ಮುಂದೂಡಿದೆ. ಆ ವಾರ ಹೋಯಿತು, ಮುಂದಿನ ವಾರ ಗಂಡನಿಗೆ ರಜೆ ಸಿಗಲಿಲ್ಲ, ಅದರ ಮುಂದಿನ ವಾರ ನನಗೇ ಜ್ವರ. ಮೂರು ವಾರ ತಡ. ಆಮೇಲೆ ಇನ್ನೊಂದು ಭಯ ಶುರುವಾಯಿತು. ಎಲ್ಲ ಹಾಳಾಯಿತು, ಮೊದಲ ಡೋಸ್ ವ್ಯರ್ಥ, ಮತ್ತೆ ಒಂದರಿಂದ ಶುರು ಮಾಡಬೇಕು, ಹೋದರೆ ಬೈಯುತ್ತಾರೆ. ಆ ಬೈಗುಳದ ಭಯಕ್ಕೇ ಇನ್ನೂ ನಾಲ್ಕು ದಿನ ಹೋಗಲಿಲ್ಲ. ಇದನ್ನು ಬರೆಯಲು ಕಷ್ಟ ಆಗುತ್ತಿದೆ. ಆದರೆ ನನ್ನ ಹಾಗೆ ಹೆದರಿ ಮನೆಯಲ್ಲೇ ಕೂತವರು ಇನ್ನೂ ಇರಬಹುದು ಅಂತ ಬರೆಯುತ್ತಿದ್ದೇನೆ.

ಕೊನೆಗೆ ಹೋದಾಗ ಅಲ್ಲಿದ್ದ ನರ್ಸ್ ಕಾರ್ಡ್ ನೋಡಿ, ಎಲ್ಲಿ ನಿಲ್ಲಿಸಿದ್ದೀರೋ ಅಲ್ಲಿಂದಲೇ ಮುಂದುವರಿಸೋದು, ಬನ್ನಿ ಅಂದರು. ಅಷ್ಟೇ. ಡೋಸ್‌ಗಳ ನಡುವೆ ಕಡಿಮೆ ಅಂದರೆ ನಾಲ್ಕು ವಾರ ಅಂತರ ಬೇಕು. ಅಂತರ ಜಾಸ್ತಿಯಾದರೆ ಹಿಂದಿನ ಡೋಸ್ ಅಳಿಸಿ ಹೋಗುವುದಿಲ್ಲ, ಮೊದಲಿಂದ ಶುರು ಮಾಡಬೇಕಿಲ್ಲ. ಸಣ್ಣ ನೆಗಡಿ, ಕೆಮ್ಮು, ಅಲ್ಪ ಜ್ವರಕ್ಕೆಲ್ಲ ಲಸಿಕೆ ನಿಲ್ಲಿಸಬೇಕಿಲ್ಲ. ಮಗು ತೀವ್ರ ಕಾಯಿಲೆಯಲ್ಲಿದ್ದರೆ ಮಾತ್ರ ಮುಂದೂಡುತ್ತಾರೆ, ಅದನ್ನೂ ನೋಡಿ ಅವರೇ ಹೇಳಲಿ. ಹಾಗಾದರೆ ತಡವಾದರೂ ನಡೆಯುತ್ತದೆ ಅಲ್ವಾ ಅಂತ ಕೇಳಿದೆ. ಡೋಸ್ ವ್ಯರ್ಥ ಆಗಲ್ಲ, ಆದರೆ ಆ ಮೂರು ವಾರ ಮಗುವಿಗೆ ಪೂರ್ತಿ ರಕ್ಷಣೆ ಇರಲಿಲ್ಲ, ನಾಯಿಕೆಮ್ಮು ಕಾಯೋದು ಇಂಥ ಕೂಸುಗಳನ್ನೇ ಅಂದರು ಆಕೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಅವಳು ತನ್ನ ಚಿಕ್ಕ ತಮ್ಮನ ಕತೆ ಹೇಳಿದಳು. ಎರಡು ತಿಂಗಳ ಕೂಸು. ಮನೆಯಲ್ಲಿ ದೊಡ್ಡ ಮಕ್ಕಳಿಗೆ ನಾಯಿಕೆಮ್ಮು ಬಂದಿತ್ತು, ತಿಂಗಳುಗಟ್ಟಲೆ ಕೆಮ್ಮಿ ಎಲ್ಲರೂ ಚೇತರಿಸಿಕೊಂಡರು. ಆ ಕೂಸು ಮಾತ್ರ ಹಾಗೆ ಕೆಮ್ಮಲೇ ಇಲ್ಲವಂತೆ. ನಡುನಡುವೆ ಉಸಿರು ನಿಲ್ಲಿಸಿ ನೀಲಿಯಾಗುತ್ತಿತ್ತು. ಒಂದು ದಿನ ಮತ್ತೆ ಉಸಿರಾಡಲಿಲ್ಲ. ನನಗೆ ಒಬ್ಬ ಮಾವ ಇದ್ದರು ಅನ್ನುವುದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪುಟ್ಟ ಕೂಸುಗಳಲ್ಲಿ ಈ ರೋಗ ಹೀಗೇ ಬರುತ್ತದೆ, ನಾಯಿ ಬೊಗಳಿದಂಥ ಕೆಮ್ಮು ಇರಬೇಕೆಂದೇನೂ ಇಲ್ಲ ಅಂತ ಆಮೇಲೆ ಡಾಕ್ಟರೂ ಹೇಳಿದರು. ಈಗ ಹಲವು ದೇಶಗಳಲ್ಲಿ ಬಸುರಿಯರಿಗೇ ನಾಯಿಕೆಮ್ಮಿನ ಲಸಿಕೆ ಕೊಡುತ್ತಾರೆ. ತಾಯಿಯ ರಕ್ತದಿಂದ ಕೂಸಿಗೆ ಬಂದ ರಕ್ಷಣೆ ಮೊದಲ ಎರಡು ತಿಂಗಳು ಕಾಯುತ್ತದೆ. ನೀವು ಬಸುರಿಯಾಗಿದ್ದರೆ ದಯವಿಟ್ಟು ಇದನ್ನು ಕೇಳಿ. ನನಗೆ ಗೊತ್ತಿರಲಿಲ್ಲ, ನಾನು ಕೇಳಲಿಲ್ಲ.

ಮೂರನೇ ಸಲದ ತೊಂದರೆ ಬೇರೆ. ಪೆಂಟಾ ಸಿಕ್ಕಿತು, ಪಿಸಿವಿ ಖಾಲಿ. ಮುಂದಿನ ವಾರ ಬನ್ನಿ ಅಂದರು, ಹೋದರೆ ಇನ್ನೂ ಬಂದಿಲ್ಲ. ಮೂರು ಓಡಾಟ, ಮೂರು ಅರ್ಧ ದಿನದ ರಜೆ. ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುವ ಲಸಿಕೆಗೂ ಹೀಗೆ ರಜೆ, ಬಸ್ಸು, ಆಟೋ ಅಂತ ಖರ್ಚು ಇದ್ದೇ ಇರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖಾಸಗಿ ಕ್ಲಿನಿಕ್‌ನಲ್ಲಿ ವಿಚಾರಿಸಿದೆವು. ಮಕ್ಕಳ ಲಸಿಕೆಗಳಲ್ಲೇ ದುಬಾರಿಯಾದವುಗಳಲ್ಲಿ ಇದೂ ಒಂದು. ನ್ಯುಮೋಕಾಕಸ್‌ನಲ್ಲಿ ನೂರರ ಹತ್ತಿರ ಬಗೆಗಳಿವೆ. ಜಾಸ್ತಿ ಕಾಡುವ ಹತ್ತೋ ಹದಿಮೂರೋ ಬಗೆಗಳನ್ನು ಆರಿಸಿ, ಒಂದೊಂದರ ಸಕ್ಕರೆ ಕವಚವನ್ನೂ ಬೇರೆ ಬೇರೆಯಾಗಿ ಪ್ರೋಟೀನಿಗೆ ಕಟ್ಟಬೇಕು. ಅದಕ್ಕೇ ಆ ಬೆಲೆ. ನಾವು ಖಾಸಗಿಯಲ್ಲಿ ಹಾಕಿಸಲು ದುಡ್ಡು ಹೊಂದಿಸುತ್ತಿದ್ದಾಗಲೇ ಲಸಿಕೆ ಕೇಂದ್ರದಿಂದ ಫೋನ್ ಬಂತು, ಮದ್ದು ಬಂದಿದೆ ಅಂತ. ನಮ್ಮ ನಂಬರ್ ಬರೆದುಕೊಳ್ಳಿ ಅಂತ ಹಿಂದಿನ ವಾರ ಕೇಳಿಕೊಂಡು ಬಂದಿದ್ದೆ. ನೀವೂ ಹಾಗೆ ಮಾಡಿ, ಹೊರಡುವ ಮುಂಚೆ ಒಂದು ಫೋನ್ ಕೂಡ ಮಾಡಿ. ಖಾಸಗಿಗೆ ಹೋಗುವುದಾದರೆ ಮೊದಲು ಹಾಕಿಸಿದ್ದು ಯಾವ ಪಿಸಿವಿ ಅಂತ ನೋಡಿ. ಆದಷ್ಟು ಅದನ್ನೇ ಮುಂದುವರಿಸುತ್ತಾರೆ, ಸಿಗದಿದ್ದರೆ ಬೇರೆಯದರಿಂದಲೂ ಪೂರ್ತಿ ಮಾಡಬಹುದು.

ಆ ದಿನ ಕಾಯುತ್ತಾ ಕೂತಿದ್ದಾಗ ನರ್ಸ್ ನನಗೆ ಶೀಶೆಯ ಮೇಲಿನ ಗುರುತು ತೋರಿಸಿದರು. ಒಂದು ಬಣ್ಣದ ವೃತ್ತ, ಅದರೊಳಗೆ ಒಂದು ಚೌಕ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ. ವೃತ್ತದಷ್ಟೇ ಅಥವಾ ಅದಕ್ಕಿಂತ ಕಪ್ಪಾಗಿದ್ದರೆ ಆ ಶೀಶೆ ಬಿಸಿ ತಿಂದಿದೆ, ಬಳಸಬಾರದು. ಈ ಲಸಿಕೆಗಳು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಪೆಂಟಾ, ಪಿಸಿವಿ ಎರಡೂ ಹೆಪ್ಪುಗಟ್ಟಿದರೂ ಕೆಡುತ್ತವೆ. ಎಲ್ಲ ಶೀಶೆಗಳ ಮೇಲೂ ಈ ಗುರುತು ಇರುವುದಿಲ್ಲ, ಇದ್ದರೆ ತೋರಿಸಿ ಅಂತ ಕೇಳಲು ಹಿಂಜರಿಯಬೇಡಿ. ಆಕೆ ಸಂತೋಷದಿಂದಲೇ ತೋರಿಸಿದರು.

ಎಂಟನೇ ತಿಂಗಳಲ್ಲಿ ಬೇರೆ ಊರಿಗೆ ಮನೆ ಬದಲಾಯಿಸಿದೆವು. ಸಾಮಾನಿನ ಗಲಾಟೆಯಲ್ಲಿ ಲಸಿಕೆ ಕಾರ್ಡ್ ಕಳೆಯಿತು. ಒಂಬತ್ತನೇ ತಿಂಗಳ ಪಿಸಿವಿಗೆ ಹೊಸ ಊರಿನ ಕೇಂದ್ರಕ್ಕೆ ಹೋದರೆ, ಕಾರ್ಡ್ ಎಲ್ಲಿ ಅಂದರು. ಎಲ್ಲ ಹಾಕಿಸಿದ್ದೇವೆ, ನನಗೆ ನೆನಪಿದೆ ಅಂದೆ. ನೆನಪು ಲೆಕ್ಕಕ್ಕೆ ಬರಲ್ಲ, ಬರಹ ಬೇಕು, ಇಲ್ಲದಿದ್ದರೆ ಹಾಕಿಲ್ಲ ಅಂತಲೇ ನಾವು ತಿಳಿಯಬೇಕು ಅಂದರು. ತೋಳಿನ ಕಲೆ ನೋಡಿ ಬಿಸಿಜಿ ಒಂದನ್ನು ಒಪ್ಪಿದರು. ಉಳಿದದ್ದಕ್ಕೆ ಗುರುತೇ ಇಲ್ಲ. ಮತ್ತೆ ಎಲ್ಲ ಸೂಜಿ ಹಾಕಿಸಬೇಕಾ ಅಂತ ಹೊಟ್ಟೆ ತೊಳಸಿತು. ದಾಖಲೆ ಸಿಗದಿದ್ದರೆ ಮತ್ತೆ ಹಾಕಿಸುವುದು ಅಪಾಯವೇನಲ್ಲ, ಹಾಕಿಸದೆ ಬಿಡುವುದೇ ಹೆಚ್ಚು ಅಪಾಯ ಅಂತ ಅವರು ಸಮಾಧಾನ ಹೇಳಿದರು. ಆದರೂ ಮೊದಲು ಹಳೇ ಕಡೆ ವಿಚಾರಿಸಿ ಅಂದರು.

ಹಳೇ ಕೇಂದ್ರದಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ಹಾಕಿದ ದಿನಾಂಕ, ಮಗುವಿನ ಹೆಸರು, ತಾಯಿಯ ಹೆಸರು ಎಲ್ಲ ಅದರಲ್ಲಿದೆ. ಆದರೆ ದಿನಾಂಕ ಹೇಳಿದರೆ ಹುಡುಕಲು ಸುಲಭ, ಇಲ್ಲದಿದ್ದರೆ ಪುಟ ಪುಟ ತಿರುವಬೇಕು. ನನಗೆ ದಿನಾಂಕ ಸಿಕ್ಕಿದ್ದು ಫೋನಿನ ಫೋಟೋಗಳಲ್ಲಿ. ತೊಡೆಯ ಮೇಲೆ ಹತ್ತಿ ಅಂಟಿಸಿದ ಒಂದು ಫೋಟೋ, ಅರ್ಧ ಗಂಟೆ ಕಾಯುವಾಗ ತೆಗೆದ ಇನ್ನೊಂದು. ಆ ದಿನಾಂಕಗಳನ್ನು ಹಿಡಿದು ಗಂಡ ಅಲ್ಲಿಗೆ ಹೋಗಿ ಒಂದು ದಿನ ಪೂರ್ತಿ ಕೂತರು. ನಾಲ್ಕು ದಾಖಲೆ ಸಿಕ್ಕವು. ಹೊಸ ಕಾರ್ಡಿನಲ್ಲಿ ಬರೆದು, ಮೊಹರು ಹಾಕಿ ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದಾಗ ಆದ ನೆಮ್ಮದಿ ಹೇಳಲು ಬರುವುದಿಲ್ಲ. ಈಗ ಪ್ರತಿ ಸಲ ಸೂಜಿ ಆದ ಕೂಡಲೇ ಕಾರ್ಡಿನ ಎರಡೂ ಬದಿ ಫೋಟೋ ತೆಗೆದು ಮನೆಯ ಮೂವರ ಫೋನಿಗೆ ಕಳಿಸುತ್ತೇನೆ. ದಿನಾಂಕದ ಜೊತೆ ಬ್ಯಾಚ್ ನಂಬರನ್ನೂ ಬರೆಸುತ್ತೇನೆ. ಇಡೀ ಬರಹದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಮುಂದೆ ಶಾಲೆಗೆ ಸೇರಿಸುವಾಗ, ಬೇರೆ ದೇಶಕ್ಕೆ ಹೋಗುವಾಗ ಈ ಕಾರ್ಡನ್ನು ಕೇಳುವುದುಂಟು.

ಹೋದ ವಾರದ ಬೂಸ್ಟರ್‌ಗೆ ಮುಂಚೆ ನಮ್ಮೆದುರು ಎರಡು ದಾರಿ ಇತ್ತು. ಆ ಬೂಸ್ಟರ್‌ನಲ್ಲಿ ಸೇರಿರುವ ನಾಯಿಕೆಮ್ಮಿನ ಲಸಿಕೆ ಎರಡು ಥರ. ಒಂದರಲ್ಲಿ ಸತ್ತ ಬ್ಯಾಕ್ಟೀರಿಯಾ ಪೂರ್ತಿ ಇರುತ್ತದೆ. ಜ್ವರ, ನೋವು ಜಾಸ್ತಿ. ಇನ್ನೊಂದರಲ್ಲಿ ಅದರ ಕೆಲವು ತುಣುಕು ಮಾತ್ರ. ನೋವು ಕಡಿಮೆ, ಆದರೆ ರಕ್ಷಣೆ ಬೇಗ ಇಳಿಯುತ್ತದೆ. ನೋವಿಲ್ಲದ ಸೂಜಿ ಅಂತ ಖಾಸಗಿ ಕಡೆ ಹೇಳುವುದು ಈ ಎರಡನೆಯದನ್ನು. ಅದಕ್ಕೂ ಸೂಜಿ ಚುಚ್ಚುವ ನೋವು ಇದ್ದೇ ಇದೆ. ನಾನು ಮಾವನ ಕತೆ ನೆನೆಸಿಕೊಂಡು, ಒಂದು ರಾತ್ರಿ ನಿದ್ದೆ ಕೆಟ್ಟರೆ ಕೆಡಲಿ ಅಂತ ಮೊದಲನೆಯದನ್ನೇ ಹಾಕಿಸಿದೆ. ಎರಡನೆಯದನ್ನು ಹಾಕಿಸಿದವರು ತಪ್ಪು ಮಾಡಿದರು ಅಂತ ಅಲ್ಲ, ಬೂಸ್ಟರ್ ತಪ್ಪಿಸದಿದ್ದರೆ ಅದೂ ಒಳ್ಳೆಯದೇ.

ರಾತ್ರಿ ಜ್ವರ ಬಂತು, ಈ ಸಲ ನಾನು ಹೆದರಲಿಲ್ಲ. ತೊಡೆ ಕೆಂಪಾಗಿ ಊದಿತು, ಎರಡು ದಿನ ಕುಂಟಿದಳು. ತಣ್ಣೀರಿನ ಬಟ್ಟೆ ಇಟ್ಟೆ. ಈಗ ಊತ ಇಳಿದು ಒಳಗೆ ಕಡಲೆಕಾಳಿನಷ್ಟು ಗಂಟು ಉಳಿದಿದೆ. ಒತ್ತಿದರೂ ನೋವಿಲ್ಲ. ಕೆಲವು ವಾರ ಇದ್ದು ತಾನೇ ಕರಗುತ್ತದೆ, ಬಿಸಿಯಾಗಿ ಕೆಂಪಗೆ ದೊಡ್ಡದಾದರೆ ಮಾತ್ರ ಬನ್ನಿ ಅಂದಿದ್ದಾರೆ.

ಕಾರ್ಡಿನ ಕೊನೆಯ ಸಾಲಿನಲ್ಲಿ ಮುಂದಿನ ದಿನಾಂಕ ಬರೆದುಕೊಟ್ಟಿದ್ದಾರೆ. ಅವಳಿಗೆ ಐದು ತುಂಬುವಾಗ ಇನ್ನೊಂದು ಬೂಸ್ಟರ್. ಫೋನಿನಲ್ಲಿ ಹದಿನೈದು ದಿನ ಮುಂಚಿತವಾಗಿ ನೆನಪಿಸುವ ಹಾಗೆ ಇಟ್ಟಿದ್ದೇನೆ. ಫೋನ್ ಬದಲಾಗಬಹುದು ಅಂತ ಕಪಾಟಿನ ಬಾಗಿಲ ಒಳಗೂ ಬರೆದು ಅಂಟಿಸಿದ್ದೇನೆ. ಕಾರ್ಡ್ ಈಗ ಅವಳ ಜನನ ಪ್ರಮಾಣಪತ್ರದ ಜೊತೆ, ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿದೆ.